ಪಕ್ಕದ ಮನೆಯ ಬಗ್ಗೆ ನಾನು ಬರೆದ ಸಾಲು

ನಾನು ಕುವೈತಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಸಬ್ಹಾನಿನಲ್ಲಿ ಪೈಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಎಂಜಿನಿಯರ್ ಆಗಿ ಸೇರಿದವನು ಈಗಲೂ ಅಲ್ಲೇ ಇದ್ದೇನೆ. ಕಾರ್ಖಾನೆಯಲ್ಲಿ ನನ್ನನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ನನಗೆ ಒಂದಿಷ್ಟು ಹೆಸರು ಬಂದದ್ದು ಬರವಣಿಗೆಯಿಂದ. ಇಲ್ಲಿನ ನಮ್ಮ ಕನ್ನಡ ಸಂಘ ತಿಂಗಳಿಗೊಮ್ಮೆ ಫೋನಿನಲ್ಲಿ ಓದುವಂಥ ಪತ್ರಿಕೆಯೊಂದನ್ನು ಹೊರಡಿಸುತ್ತದೆ. ಅದರ ಕೊನೆಯ ಪುಟ ಏಳು ವರ್ಷ ನನ್ನದಾಗಿತ್ತು.

ನಾನು ಬರೆಯುತ್ತಿದ್ದದ್ದು ದೇಶ, ಪೌರತ್ವ, ನಿಷ್ಠೆಗಳ ಬಗ್ಗೆ. ಅಮೆರಿಕದಲ್ಲಿ ಹುಟ್ಟಿನಿಂದ ಪ್ರಜೆಯಾದವನೇ ಅಧ್ಯಕ್ಷನಾಗಬೇಕೆಂಬ ನಿಯಮ ಯಾಕೆ ಸರಿ, ನಮ್ಮಲ್ಲೂ ಅಂಥದ್ದು ಯಾಕೆ ಇರಬೇಕು, ಎರಡು ಪಾಸ್‌ಪೋರ್ಟಿನ ಆಸೆ ಮನುಷ್ಯನನ್ನು ಹೇಗೆ ಸಡಿಲ ಮಾಡುತ್ತದೆ, ಭಾರತದ ಉತ್ತರದ ಗಡಿಯಾಚೆಗಿನ ಕಮ್ಯುನಿಸ್ಟ್ ನೆರೆಯವರ ನಗುವನ್ನು ಯಾಕೆ ನಂಬಬಾರದು. ಸಂಪ್ರದಾಯಸ್ಥ ಎಂದು ಕೆಲವರು ಮೂಗು ಮುರಿಯುತ್ತಿದ್ದರು. ನನಗೆ ಅದು ಬೈಗುಳ ಅನ್ನಿಸಲೇ ಇಲ್ಲ. ಆ ಅಭಿಪ್ರಾಯಗಳಲ್ಲಿ ಹೆಚ್ಚಿನವು ಇವತ್ತೂ ನನ್ನವೇ. ಅವನ್ನು ಬಿಟ್ಟುಬಿಟ್ಟೆ ಎಂದು ಹೇಳಿ ಒಳ್ಳೆಯವನಾಗುವ ಉದ್ದೇಶ ನನಗಿಲ್ಲ. ನಾನು ಹೇಳಬೇಕಾಗಿರುವುದು ಒಂದು ಲೇಖನದ ಬಗ್ಗೆ, ಅದರಲ್ಲೂ ಒಂದೇ ಒಂದು ಸಾಲಿನ ಬಗ್ಗೆ.

ಅಬ್ಬಾಸಿಯಾದಲ್ಲಿ ನಮ್ಮದು ನಾಲ್ಕನೇ ಮಹಡಿಯ ಫ್ಲಾಟ್. ಪಕ್ಕದ ಫ್ಲಾಟಿನಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಆತ ಕಣ್ಣೂರಿನವನು, ಸುಲೈಬಿಯಾದ ಒಂದು ಗೋದಾಮಿನಲ್ಲಿ ಮೇಲ್ವಿಚಾರಕ. ಊರಿನಲ್ಲಿದ್ದಾಗಲೇ ಪಕ್ಷದ ಕೆಲಸ ಮಾಡಿದವನು. ಮಲಯಾಳಿಗಳೆಲ್ಲ ಅವನನ್ನು 'ಸಖಾವ್' ಎಂದೇ ಕರೆಯುತ್ತಿದ್ದರು. ಕಾಮ್ರೇಡ್ ಎನ್ನುವುದಕ್ಕೆ ಅವರ ಮಾತು ಅದು. ನಾವೂ ಹಾಗೇ ಕರೆದೆವು. ಆಕೆ ನಮ್ಮ ಕರಾವಳಿಯ ಕೊಂಕಣಿ ಮಾತಾಡುವ ಕ್ರೈಸ್ತ ಮನೆತನದವರು, ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ನಮಗೆ ಅವರು 'ಸಿಸ್ಟರ್'. ಸಿಸ್ಟರ್ ಹುಟ್ಟಿದ್ದು ಕುವೈತಿನಲ್ಲೇ. ಅವರ ತಂದೆ ಇಲ್ಲಿ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದರಂತೆ. ಇರಾಕಿನ ಸೇನೆ ನುಗ್ಗಿದ ವರ್ಷ ಅಪ್ಪ ಅಮ್ಮನ ಜೊತೆ ಮರಳುಗಾಡು ದಾಟಿ ಊರು ಸೇರಿದಾಗ ಅವರಿಗೆ ಐದು ವರ್ಷ. ಕುಂದಾಪುರದ ಹತ್ತಿರದ ಕನ್ನಡ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ, ಮತ್ತೆ ಹುಟ್ಟಿದ ಊರಿಗೇ ಕೆಲಸಕ್ಕೆ ಬಂದರು.

ಅವರ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು. ಸಂಘದ ಮಕ್ಕಳಿಗೆ ಶನಿವಾರ ಕನ್ನಡ ಕಲಿಸುತ್ತಿದ್ದವರೂ ಅವರೇ. ನನ್ನ ಮಗಳು ನನ್ನ ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದವಳು, ಸಿಸ್ಟರ್ ಎದುರಿಗೆ ಮಾತ್ರ ಕಷ್ಟಪಟ್ಟು ಕನ್ನಡ ಮಾತಾಡುತ್ತಿದ್ದಳು. "ಹೇಳು ಮಗಾ, ಒಂದೊಂದೇ ಶಬ್ದ ಹೇಳು, ನಂಗೆ ಗಡಿಬಿಡಿ ಎಂತದೂ ಇಲ್ಲ" ಎಂದು ಸಿಸ್ಟರ್ ಕಾಯುತ್ತಿದ್ದರು. ಕೊರೋನಾ ಕಾಲದ ಕರ್ಫ್ಯೂವಿನಲ್ಲಿ ನನ್ನ ಹೆಂಡತಿಗೆ ಉಸಿರು ಕಟ್ಟಿದಂತಾದಾಗ ಆಂಬುಲೆನ್ಸ್ ಕರೆಸಿ, ಅದರೊಳಗೆ ಅವಳ ಪಕ್ಕ ಕೂತು ಹೋದವರೂ ಅವರೇ. ನನ್ನ ಬಳಿ ಹೊರಗೆ ಹೋಗುವ ಪರವಾನಗಿ ಇರಲಿಲ್ಲ. ಹನ್ನೊಂದು ದಿನ ಸಖಾವ್ ನನಗೂ ಮಗಳಿಗೂ ಬಾಗಿಲಿನ ಹಿಡಿಗೆ ಊಟದ ಚೀಲ ಸಿಕ್ಕಿಸಿ ಹೋಗುತ್ತಿದ್ದ.

ಸಖಾವ್ ಮತ್ತು ನಾನು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಜಗಳವಾಡುತ್ತಿದ್ದೆವು. ಅದೊಂದು ಥರದ ಗೆಳೆತನ. "ಸಾರೇ, ಈ ತಿಂಗಳು ನಮ್ಮನ್ನು ಎಷ್ಟು ಬೈದಿರಿ?" ಎಂದು ಕೇಳುತ್ತಿದ್ದ. ಅವನ ಕನ್ನಡ ಹೆಂಡತಿಯಿಂದ ಕಲಿತದ್ದು. "ನಿಮ್ಮನ್ನಲ್ಲ ಸಖಾವ್, ನಿಮ್ಮ ಪಕ್ಷದ ಚೀನೀ ನೆಂಟರನ್ನು" ಎಂದರೆ ಗಟ್ಟಿಯಾಗಿ ನಗುತ್ತಿದ್ದ.

ಪ್ರತಿ ಶುಕ್ರವಾರ ಸಂಜೆ ಅವನ ಬಾಗಿಲ ಮುಂದೆ ಚಪ್ಪಲಿ, ಸಿಮೆಂಟು ಮೆತ್ತಿದ ಬೂಟುಗಳ ರಾಶಿ ಬೀಳುತ್ತಿತ್ತು. ಸುಲೈಬಿಯಾ, ಸಬ್ಹಾನಿನ ಕ್ಯಾಂಪುಗಳಿಂದ ಕೆಲಸಗಾರರು ಬರುತ್ತಿದ್ದರು. ಮಲಯಾಳಿಗಳು ಮಾತ್ರವಲ್ಲ, ತೆಲುಗರು, ಬಿಹಾರಿಗಳು, ನಮ್ಮ ಕೊಪ್ಪಳ, ಕಲಬುರಗಿ ಕಡೆಯವರು. ಒಂದು ಶುಕ್ರವಾರ ಸ್ಕ್ರೂಡ್ರೈವರ್ ಕೇಳಲು ಹೋಗಿದ್ದಾಗ ನಾನು ಒಳಗೆಲ್ಲ ನೋಡಿದ್ದೆ. ಊಟದ ಮೇಜಿನ ತುಂಬ ಪಾಸ್‌ಪೋರ್ಟ್ ನಕಲುಗಳು. ಸಖಾವ್ ಕನ್ನಡಕ ಹಾಕಿಕೊಂಡು ಒಬ್ಬನ ರಜೆಯ ಅರ್ಜಿ ಬರೆಯುತ್ತಿದ್ದ. ಸಿಸ್ಟರ್ ಇನ್ನೊಬ್ಬನ ಕಾಲಿನ ಗಾಯಕ್ಕೆ ಬ್ಯಾಂಡೇಜು ಸುತ್ತುತ್ತಿದ್ದರು. ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಹೆಸರು ತಪ್ಪಾದವರು, ಕೆಲಸದಿಂದ ಓಡಿಹೋಗಿದ್ದಾನೆ ಎಂದು ವೀಸಾದ ಹೊಣೆ ಹೊತ್ತ ಮಾಲೀಕ, ಕಫೀಲ್, ದೂರು ಕೊಟ್ಟಿದ್ದರಿಂದ ಸಿಕ್ಕಿಬಿದ್ದವರು, ಊರಿಗೆ ಹೋಗಲಾಗದವರು. ಅಲ್ಲಿ ನಡೆಯುತ್ತಿದ್ದದ್ದು ಇಷ್ಟೇ. ಬಾವುಟವಿರಲಿಲ್ಲ, ಭಾಷಣವಿರಲಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೆ ಎನ್ನುವುದನ್ನು ಓದುವವರು ನೆನಪಿನಲ್ಲಿಡಬೇಕು. ಗೊತ್ತಿಲ್ಲದೆ ಬರೆದೆ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಆ ವರ್ಷ ಸಂಘದ ಅಧ್ಯಕ್ಷ ಸ್ಥಾನಕ್ಕೆ ಸಿಸ್ಟರ್ ನಿಲ್ಲುತ್ತಾರೆ ಎಂಬ ಸುದ್ದಿ ಬಂತು. ನಿಂತರೆ ಗೆಲ್ಲುವುದು ಖಚಿತವಿತ್ತು. ಶನಿವಾರದ ಶಾಲೆಯ ತಾಯಂದಿರೆಲ್ಲ ಅವರ ಕಡೆ. ಆಗ ಅಧ್ಯಕ್ಷರಾಗಿದ್ದ ಹಿರಿಯರು ನಮ್ಮ ಮನೆಗೆ ಬಂದರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅವರು ನಮ್ಮ ಮನೆಗೆ ಕಾಲಿಟ್ಟದ್ದು ಅದೇ ಮೊದಲು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಪಕ್ಕದ ಗೋಡೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

"ನೋಡಿ, ಹೆಣ್ಣುಮಗಳು ಒಳ್ಳೇವ್ರೇ. ಆದ್ರೆ ಆ ಯಜಮಾನ? ನಾಳೆ ನಮ್ಮ ವೇದಿಕೆ ಮೇಲೆ ಯಾವ ಬಾವುಟ ಹಾರುತ್ತೋ. ನಾವು ಹೇಳಿದ್ರೆ ರಾಜಕೀಯ ಅಂತಾರೆ. ನೀವು ಬರೀರಿ. ನಿಮ್ಮ ಮಾತಿಗೆ ತೂಕ ಇದೆ."

"ಏನು ಬರೀಲಿ ಸಾರ್?"

"ತತ್ವ ಬರೀರಿ. ಅಧ್ಯಕ್ಷ ಯಾರಾಗಬಹುದು ಅಂತ. ಅಮೆರಿಕದ್ದು ಬರ್ದಿದ್ರಲ್ಲ, ಹಾಗೇ."

ಅವರು ಹೋದ ಮೇಲೆ ಹೆಂಡತಿ ಲೋಟಗಳನ್ನು ಎತ್ತುತ್ತ, "ಬೇಡ ಕಣ್ರೀ, ಸಿಸ್ಟರ್ ವಿಷಯ" ಎಂದಳು. "ಯಾರ ಹೆಸರೂ ಬರಿಯಲ್ಲ. ತತ್ವ ಅಷ್ಟೆ" ಎಂದೆ.

ಆ ಲೇಖನ ಬರೆಯಲು ನನಗೆ ಎರಡೇ ಗಂಟೆ ಸಾಕಾಯಿತು. ಸಂಘವೂ ಒಂದು ಪುಟ್ಟ ದೇಶವಿದ್ದಂತೆ, ಸದಸ್ಯತ್ವ ಅದರ ಪೌರತ್ವ, ಅದರ ತಲೆಯಲ್ಲಿ ಕೂರುವವರು ಹುಟ್ಟಿನಿಂದ ಅದಕ್ಕೆ ಸೇರಿದವರಾಗಿರಬೇಕು ಎಂದು ಶುರು ಮಾಡಿದೆ. ನಿಯಮಾವಳಿಯಲ್ಲಿ 'ಅಧ್ಯಕ್ಷರು ಕನ್ನಡಿಗರಾಗಿರಬೇಕು' ಎಂದಷ್ಟೇ ಇತ್ತು. ಕನ್ನಡಿಗರೆಂದರೆ ಕರ್ನಾಟಕದಲ್ಲಿ ಹುಟ್ಟಿದವರು, ಕನ್ನಡವನ್ನೇ ಮನೆಮಾತಾಗಿ ಉಳ್ಳವರು ಎಂದು ಸ್ಪಷ್ಟಪಡಿಸಬೇಕು ಎಂದು ವಾದಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಅಭಿಪ್ರಾಯವಾಗಿ ಉಳಿಯುತ್ತಿತ್ತು. ಆದರೆ ಲೇಖನ ಸಪ್ಪೆ ಅನ್ನಿಸಿತು. ಕೊನೆಯ ಪ್ಯಾರಾಕ್ಕೆ ಒಂದು ಕಿಡಿ ಬೇಕು ಎಂದುಕೊಂಡು ಈ ಸಾಲು ಸೇರಿಸಿದೆ: 'ಕಮ್ಯುನಿಸ್ಟ್ ನೆರೆಯವರ ಜೊತೆ ಬಾಳುವುದು ಹೇಗೆಂದು ನನಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ; ಶುಕ್ರವಾರ ಸಂಜೆ ಕ್ಯಾಂಪುಗಳಿಂದ ಬಂದು ಆ ಬಾಗಿಲ ಮುಂದೆ ಬೂಟು ಕಳಚುವವರು ಊಟಕ್ಕೆ ಬಂದ ನೆಂಟರಲ್ಲ, ಒಳಗೆ ನಡೆಯುವುದು ಸತ್ಸಂಗವೂ ಅಲ್ಲ.'

ಬರೆದು ಓದಿಕೊಂಡಾಗ ಸಂತೋಷವಾಯಿತು. ನಿಜವನ್ನೇ ಹೇಳುತ್ತೇನೆ, ಬಹಳ ಸಂತೋಷವಾಯಿತು. ಒಂದೂ ಸುಳ್ಳಿರಲಿಲ್ಲ ಅದರಲ್ಲಿ. ಅವರು ನೆಂಟರಾಗಿರಲಿಲ್ಲ. ಸತ್ಸಂಗವೂ ನಡೆಯುತ್ತಿರಲಿಲ್ಲ.

ಪತ್ರಿಕೆ ಬಂದ ದಿನ ಫೋನು ಬಿಡುವಿಲ್ಲದೆ ಕುಣಿಯಿತು. ಹೆಬ್ಬೆರಳುಗಳು, ಕೈಮುಗಿದ ಚಿತ್ರಗಳು. 'ಸಾರ್, ನೇರ ಎದೆಗೆ' ಎಂದು ಒಬ್ಬರು. ಸಂಜೆ ಮಗಳು ತನ್ನ ಕೋಣೆಯಿಂದ ಬಂದು ನನ್ನೆದುರು ಕೂತಳು. ಆಗ ಅವಳಿಗೆ ಹದಿನೇಳು. ಅಮ್ಮನ ಹತ್ತಿರ ಲೇಖನ ಓದಿಸಿಕೊಂಡಿದ್ದಳು.

"ಅಪ್ಪಾ, ವೇರ್ ವಾಸ್ ಐ ಬಾರ್ನ್?"

"ಇಲ್ಲೇ. ಇದೇನು ಪ್ರಶ್ನೆ?"

"ಸೋ ಬೈ ಯುವರ್ ರೂಲ್, ನಾನು ಕನ್ನಡಿಗ ಅಲ್ಲ?"

"ನಿನ್ನ ವಿಷಯ ಬೇರೆ ಕಣೇ."

"ಹೌ?"

ಇಲ್ಲಿ ಹುಟ್ಟಿದರೂ ಇಲ್ಲಿನ ಪೌರತ್ವ ನಮ್ಮ ಮಕ್ಕಳಿಗೆ ಸಿಗುವುದಿಲ್ಲ. ಊರಿಗೆ ಹೋದರೆ ಅಲ್ಲಿಯ ಮಕ್ಕಳು ಇವಳನ್ನು ಕುವೈತಿನವಳು ಎನ್ನುತ್ತಾರೆ. ನಾನೋ ಅವಳಿಗೆ ಮೂರನೆಯ ಬಾಗಿಲನ್ನೂ ಮುಚ್ಚಿ ಅದರ ಮೇಲೆ ಒಳ್ಳೆಯ ಕನ್ನಡದಲ್ಲಿ ಬೋರ್ಡು ಬರೆದಿದ್ದೆ. ಅವಳು ಜಗಳವಾಡಲಿಲ್ಲ. "ಸಿಸ್ಟರ್ ಆಂಟಿ ಈಸ್ ಗೋಯಿಂಗ್ ಟು ರೀಡ್ ದಿಸ್" ಎಂದಷ್ಟೇ ಹೇಳಿ ಎದ್ದು ಹೋದಳು.

ಮುಂದಿನ ವಾರ ಸಮಿತಿ ತುರ್ತಾಗಿ ಸೇರಿ ನನ್ನ ಲೇಖನದ ಮಾತುಗಳನ್ನೇ ವಿವರಣೆ ಎಂದು ನಿಯಮಾವಳಿಗೆ ಸೇರಿಸಿತು. ಸಿಸ್ಟರ್ ಹುಟ್ಟಿದ್ದು ಕುವೈತಿನಲ್ಲಿ, ಮನೆಮಾತು ಕೊಂಕಣಿ. ನಾಮಪತ್ರ ತಿರಸ್ಕೃತವಾಯಿತು. ಅವರು ಯಾರ ಹತ್ತಿರವೂ ವಾದಕ್ಕೆ ಹೋಗಲಿಲ್ಲ. ಶನಿವಾರದ ಶಾಲೆಯ ಬೀಗದ ಕೈಯನ್ನು ಕಾರ್ಯದರ್ಶಿಗೆ ಒಪ್ಪಿಸಿಬಿಟ್ಟರು. ಮರುದಿನ ಬೆಳಿಗ್ಗೆ ಲಿಫ್ಟಿನಲ್ಲಿ ನನಗೆ ಎದುರಾದಾಗ "ಗುಡ್ ಮಾರ್ನಿಂಗ್" ಎಂದರು. ಒಂಬತ್ತು ವರ್ಷದಲ್ಲಿ ನನ್ನ ಜೊತೆ ಅವರು ಇಂಗ್ಲಿಷಿನಲ್ಲಿ ಮಾತಾಡಿದ್ದು ಅದೇ ಮೊದಲು. ಆಮೇಲೆ ಬೇರೆ ಭಾಷೆಯಲ್ಲಿ ಮಾತಾಡಲೇ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಸಂಘದ ಜಗಳವಾಗಿ ಮರೆತುಹೋಗುತ್ತಿತ್ತೇನೋ. ಯಾರೋ ಒಬ್ಬರು ಆ ಲೇಖನವನ್ನು ಇಂಗ್ಲಿಷಿಗೆ ತಿರುಗಿಸಿ ಹಂಚಿದರು. ಅದು ಗುಂಪಿನಿಂದ ಗುಂಪಿಗೆ ಹಾರುತ್ತ ಸಖಾವ್ ಕೆಲಸ ಮಾಡುತ್ತಿದ್ದ ಗೋದಾಮಿನ ಆಫೀಸಿಗೂ ಹೋಯಿತು. ಹೆಸರಿರಲಿಲ್ಲ, ನಿಜ. ಆದರೆ ಲೇಖಕನ ವಿಳಾಸ ಎಲ್ಲರಿಗೂ ಗೊತ್ತಿದ್ದ ಮೇಲೆ ಅವನ ನೆರೆಯವನು ಯಾರೆಂದು ಕಂಡುಹಿಡಿಯುವುದು ಎಷ್ಟು ಹೊತ್ತಿನ ಕೆಲಸ? ಪರದೇಶಿಗಳು ರಾಜಕೀಯ ಸಭೆ ನಡೆಸುವುದನ್ನು ಈ ದೇಶ ಸಹಿಸುವುದಿಲ್ಲ. ಅದೂ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದೊಮ್ಮೆ ಅದನ್ನೇ ಮೆಚ್ಚಿ ಬರೆದಿದ್ದೆ.

ಸಖಾವ್‌ನ ಇಕಾಮಾ ನವೀಕರಿಸುವ ತಿಂಗಳು ಬಂದಿತ್ತು. ಕಂಪನಿ ನವೀಕರಿಸಲಿಲ್ಲ. ಹದಿನಾರು ವರ್ಷದ ಕೆಲಸ, ಖಲಾಸ್. ಈ ಸುದ್ದಿ ನನಗೆ ಹೇಳಿದ್ದು ಹೆಂಡತಿ. ಅವಳಿಗೆ ಹೇಳಿದ್ದು ಕಟ್ಟಡದ ಕಾವಲುಗಾರ. ಊಟದ ತಟ್ಟೆ ಮುಂದಿಟ್ಟು ಅವಳು ಹೇಳಿದಳು. ನಾನು "ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ" ಎಂದೆ.

ಅವಳು ಸಾರು ಬಡಿಸುವ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. "ನನ್ನ ಕೈಹಿಡ್ಕೊಂಡು ಆಂಬುಲೆನ್ಸಲ್ಲಿ ಕೂತಿದ್ರು ರೀ ಅವ್ರು. ಆ ದಿವ್ಸ ಅವ್ರು ಎಲ್ಲಿ ಹುಟ್ಟಿದ್ರು ಅಂತ ನೀವು ಕೇಳಿದ್ರಾ?"

ಆ ಊಟ ಹಾಗೇ ಉಳಿಯಿತು. ನಾನು ಕೋಣೆಗೆ ಹೋಗಿ ಆ ಇಂಗ್ಲಿಷ್ ಅನುವಾದವನ್ನು ತೆರೆದೆ. ಎಲ್ಲಾದರೂ ತಪ್ಪಾಗಿದೆಯೇ, ನಾನು ಹೇಳದ್ದನ್ನು ಹೇಳಿದೆಯೇ ಎಂದು ಸಾಲುಸಾಲಾಗಿ ಹುಡುಕಿದೆ. ಇರಲಿಲ್ಲ. ಅನುವಾದ ಚೆನ್ನಾಗಿಯೇ ಇತ್ತು.

ಎರಡು ದಿನ ಬಿಟ್ಟು ರಜೆ ಹಾಕಿ ಜಹ್ರಾಕ್ಕೆ ಹೋದೆ. ಗೋದಾಮಿನ ಮಾಲೀಕ, ಅಂದರೆ ಸಖಾವ್‌ನ ಕಫೀಲ್, ಅಲ್ಲಿಯವರು. ಕಾರ್ಖಾನೆಯ ಒಬ್ಬ ಡ್ರೈವರ್ ಭಾಯಿಯ ಮೂಲಕ ಸಮಯ ಕೇಳಿದ್ದೆ. ಮಧ್ಯಾಹ್ನದ ನಮಾಜು ಮುಗಿಸಿ ದಿವಾನಿಯಾದಲ್ಲಿ, ಅತಿಥಿಗಳಿಗೆಂದೇ ಇರುವ ಹೊರಗಿನ ಹಜಾರದಲ್ಲಿ, ಒಬ್ಬರೇ ಕೂತಿದ್ದರು. ಎಪ್ಪತ್ತರ ಆಸುಪಾಸಿನ ವಯಸ್ಸು. ಹಳೆಯ ಕಾಲದ ವ್ಯಾಪಾರಿ ಮನೆತನದ ಕುವೈತಿಗಳಂತೆ ಒಳ್ಳೆಯ ಹಿಂದಿ ಮಾತಾಡುತ್ತಿದ್ದರು. ಚಹಾ ತರಿಸಿ, ನಾನು ಹೇಳುವುದನ್ನೆಲ್ಲ ಕೇಳಿದರು. ಆ ಲೇಖನ ಬರೆದವನು ನಾನೇ, ಅದು ಬರೀ ಅಲಂಕಾರದ ಮಾತು, ಅಲ್ಲಿ ನಡೆಯುತ್ತಿದ್ದದ್ದು ಅರ್ಜಿ ಬರೆಯುವ ಕೆಲಸ, ನಾನೇ ನೋಡಿದ್ದೇನೆ ಎಂದೆ.

"ನೀನೇ ನೋಡಿದ್ದೆಯಾ?" ಎಂದರು.

"ಹೌದು."

"ಬರೆಯುವ ಮೊದಲೋ, ಆಮೇಲೋ?"

"ಮೊದಲೇ" ಎಂದೆ.

ಅವರು ಸಿಟ್ಟಾಗಲಿಲ್ಲ. ಚಹಾದ ಪುಟ್ಟ ಲೋಟವನ್ನು ತಟ್ಟೆಯ ಮೇಲೆ ತಿರುಗಿಸುತ್ತ ಕೂತರು. ಆಗ ಈ ದೇಶದಲ್ಲಿ ಪೌರತ್ವದ ಕಡತಗಳನ್ನು ಮತ್ತೆ ತೆರೆದು ನೋಡಿ, ಹಲವರದ್ದನ್ನು ರದ್ದು ಮಾಡುತ್ತಿದ್ದ ಕಾಲ. ಪ್ರತಿ ಮನೆಯಲ್ಲೂ ಅದೇ ಮಾತು. "ನನ್ನ ಹೆಂಡತಿ ಹೊರದೇಶದವಳು. ಮದುವೆಯಾಗಿ ಬಂದು ಮೂವತ್ತನಾಲ್ಕು ವರ್ಷ. ಈ ವರ್ಷ ಅವಳ ಕಾಗದ ಹೋಯಿತು. ಅವಳು ಎಲ್ಲೂ ಹೋಗುವುದಿಲ್ಲ, ಈ ಮನೆಯಲ್ಲೇ ಇರುತ್ತಾಳೆ, ಆದರೆ ಇವತ್ತಿಗೂ ಪರ್ಸು ತೆರೆದು ಆ ಹಳೆಯ ಕಾರ್ಡು ಹುಡುಕುತ್ತಾಳೆ. ಇಂಥ ಹೊತ್ತಿನಲ್ಲಿ ನಿನ್ನ ಕಾಗದ ನನ್ನ ಮೇಜಿಗೆ ಬಂತು. ನನ್ನ ಕಫಾಲತ್ತಿನಲ್ಲಿ, ನನ್ನ ಹೊಣೆಯಲ್ಲಿ, ಯಾರ ಸಭೆ ನಡೆಯುತ್ತಿದೆ ಎಂದು ನಾಳೆ ಸರ್ಕಾರ ಕೇಳಿದರೆ? ನಾನು ಮುದುಕ. ಹೆದರಿದೆ. ಅವನು ಒಳ್ಳೆಯವನೆಂದು ನನಗೆ ಗೊತ್ತು. ಹೆದರಿಕೆಗೆ ಅದೆಲ್ಲ ಗೊತ್ತಾಗುವುದಿಲ್ಲ."

"ಈಗ ನವೀಕರಿಸಲು ಆಗುವುದಿಲ್ಲವೇ?"

"ರದ್ದಿಗೆ ಸಹಿ ಹಾಕಿಯಾಯಿತು." ಲೋಟ ಪಕ್ಕಕ್ಕಿಟ್ಟು ಕೇಳಿದರು, "ನೀನು ಅವನ ಜಾರ್ ಅಲ್ಲವೇ? ಪಕ್ಕದ ಮನೆಯವನು?"

"ಹೌದು."

"ಹಾಗಿದ್ದರೆ ಬಾಗಿಲು ತಟ್ಟಿ ಅವನಿಗೇ ಹೇಳಬಹುದಿತ್ತಲ್ಲ."

ನಾನು ಎದ್ದು ನಿಂತಾಗ ಅವರೂ ಎದ್ದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಆ ಮರ್ಯಾದೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಮನೆಗೆ ಬಂದು ಅವತ್ತೇ ಪಕ್ಕದ ಬಾಗಿಲು ತಟ್ಟಿದೆ. ಸಖಾವ್ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಒಳಗೆ ಕರೆಯಲಿಲ್ಲ, ಹೊರಗೆ ಹೋಗೆಂದೂ ಹೇಳಲಿಲ್ಲ. ಹೊಸ್ತಿಲಲ್ಲೇ ನಿಂತು ಜಹ್ರಾಕ್ಕೆ ಹೋದದ್ದು, ಆಗದೆ ಬಂದದ್ದು ಎಲ್ಲ ಹೇಳಿದೆ. ಕ್ಷಮಿಸು ಎಂದೆ.

"ಸಾರೇ, ನಾನು ಆ ಲೇಖನ ಕೇಳಿದೆ. ಅವಳು ಓದಿದಳು, ನಾನು ಕೇಳಿದೆ. ನೀವು ಎಂತ ಬೇಕಾದ್ರೂ ಬೈಯಿರಿ, ನಮ್ಮ ಪಕ್ಷ, ನಮ್ಮ ಚೀನಾ, ನಂಗೆ ಬೇಜಾರಿಲ್ಲ. ಅದು ನಾವು ಇಬ್ಬರು ಮೆಟ್ಟಿಲಿನಲ್ಲಿ ಮಾಡುವ ಜಗಳ." ಟೇಪಿನ ತುದಿ ಸಿಗದೆ ಉಗುರಿನಿಂದ ಕೆರೆಯುತ್ತ ಮುಂದುವರಿಸಿದ. "ಆದ್ರೆ ಆ ಬೂಟು ಹುಡುಗರದ್ದು. ಪಾಪದವರು. ಅವರನ್ನು ಯಾಕೆ ಎಳೆದಿರಿ? ಈಗ ಅವರು ಯಾರ ಹತ್ತಿರವೂ ಹೋಗುವುದಿಲ್ಲ. ಹೆದರಿಕೆ."

ನಾನು ಟೇಪಿನ ತುದಿ ಹಿಡಿದುಕೊಡಲು ಕೈ ಚಾಚಿದೆ. ಅವನು ಕೊಟ್ಟ. ಇಬ್ಬರೂ ಸೇರಿ ಮೂರು ಪೆಟ್ಟಿಗೆ ಕಟ್ಟಿದೆವು. ಸಿಸ್ಟರ್ ಅಡುಗೆಮನೆಯಲ್ಲೇ ಇದ್ದರು. ನಲ್ಲಿಯ ಸದ್ದು ಕೇಳುತ್ತಿತ್ತು. ಹೊರಗೆ ಬರಲಿಲ್ಲ.

ಅವನು ಹೋದ ಮೇಲೆ ಅವರು ಎರಡು ತಿಂಗಳು ಒಬ್ಬರೇ ಇದ್ದರು. ಆಮೇಲೆ ಕ್ಲಿನಿಕ್ಕಿನ ಕೆಲಸ ಬಿಟ್ಟು ಅವರೂ ಕಣ್ಣೂರಿಗೆ ಹೋದರು. ತಾನು ಹುಟ್ಟಿದ ಊರನ್ನು ಎರಡನೇ ಸಲ ಬಿಟ್ಟು ಹೋಗುವಂತಾಯಿತು ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದರಂತೆ. ಮೊದಲ ಸಲ ಸೈನ್ಯದಿಂದ. ಎರಡನೇ ಸಲದ್ದನ್ನು ಅವರು ಹೇಳಲಿಲ್ಲವಂತೆ.

ಇನ್ನು ಮುಂದಿನದು ಹೇಳಲು ಇನ್ನಷ್ಟು ನಾಚಿಕೆ. ಸಿಸ್ಟರ್ ಹೆಸರು ಹೋದ ಮೇಲೆ ಅಧ್ಯಕ್ಷ ಸ್ಥಾನಕ್ಕೆ ಯಾರೂ ಇರಲಿಲ್ಲ. ಅವಧಿ ಮುಗಿದಿದ್ದ ಹಿರಿಯರು ಮತ್ತೆ ಬಂದರು. "ಎಲ್ಲ ಅರ್ಹತೆ ನಿಮಗಿದೆ. ಹುಟ್ಟಿದ್ದು ಮಂಡ್ಯ, ಮನೆಮಾತು ಕನ್ನಡ" ಎಂದರು. ಆಗುವುದಿಲ್ಲ ಎನ್ನಬೇಕಿತ್ತು. ಒಪ್ಪಿಕೊಂಡೆ. ಅಧ್ಯಕ್ಷನಾದರೆ ಆ ನಿಯಮವನ್ನು ನಾನೇ ತೆಗೆಸಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ರಾಜ್ಯೋತ್ಸವದ ವೇದಿಕೆಯ ನಡುವಿನ ಕುರ್ಚಿಯ ಮೇಲೆ ನನಗೂ ಆಸೆಯಿತ್ತು.

ಅಧ್ಯಕ್ಷನಾದ ಐದನೇ ವಾರ, ಒಂದು ಭಾನುವಾರ ಬೆಳಿಗ್ಗೆ ಕಾರ್ಖಾನೆಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಸರ, ನೀವು ಕನ್ನಡ ಸಂಘದ ಅಧ್ಯಕ್ಷರೇನ್ರಿ? ನಮ್ ರೂಮಿನಾಗ ಒಬ್ಬಾಂವ ತೀರ್‍ಕೊಂಡಾನ್ರಿ. ಕೊಪ್ಪಳದಾಂವ. ಮುಂಜಾನೆ ಎಬ್ಬಿಸಿದ್ರ ಏಳ್ಲಿಲ್ರಿ." ಸುಲೈಬಿಯಾದ ಕ್ಯಾಂಪಿನಿಂದ ಮಾತಾಡುತ್ತಿದ್ದ. "ಹಿಂದಕ ಆ ಮಲಬಾರಿ ಅಣ್ಣಾವ್ರು ಎಲ್ಲಾ ಮಾಡ್ತಿದ್ರು. ಅವ್ರ ಫೋನ್ ಹತ್ತವಲ್ದು."

ಮೃತದೇಹವನ್ನು ಊರಿಗೆ ಕಳಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಹಿರಿಯರಿಗೆ ಫೋನ್ ಮಾಡಿದೆ. "ಅದೆಲ್ಲ ಕಂಪನಿಯೋರು ನೋಡ್ಕೋತಾರೆ ಬಿಡಿ" ಎಂದರು. ಕಂಪನಿಯವರು ನಾಳೆ ಬನ್ನಿ ಎಂದರು. ಮಧ್ಯಾಹ್ನದವರೆಗೆ ಶವಾಗಾರದ ಹೊರಗೆ ಆ ರೂಮಿನ ಇಬ್ಬರ ಜೊತೆ ನಿಂತಿದ್ದೆ. ಕೊನೆಗೆ, ಬೇರೆ ದಾರಿ ಕಾಣದೆ, ಹೆಂಡತಿಯಿಂದ ಸಖಾವ್‌ನ ಊರಿನ ನಂಬರು ತೆಗೆದುಕೊಂಡೆ.

ಎರಡನೇ ರಿಂಗಿಗೇ ಎತ್ತಿದ. ನಾನು ಯಾರೆಂದು ಹೇಳಿ, ಸಂಗತಿ ಹೇಳಿದೆ. ಅವನು ನನ್ನನ್ನು ಒಂದು ಮಾತೂ ಕೇಳಲಿಲ್ಲ. "ಬರೆದುಕೊಳ್ಳಿ ಸಾರೇ" ಎಂದ. ಮೊದಲು ಪೊಲೀಸ್ ಠಾಣೆಯ ಕಾಗದ, ಆಮೇಲೆ ಆಸ್ಪತ್ರೆಯ ಮರಣ ಸೂಚನೆ, ಕಂಪನಿಯ ಒಪ್ಪಿಗೆ ಪತ್ರ, ರಾಯಭಾರ ಕಚೇರಿಯಲ್ಲಿ ನೋಂದಣಿ, ಪಾಸ್‌ಪೋರ್ಟ್ ರದ್ದು, ಆಮೇಲೆ ವಿಮಾನದ ಸರಕು ವಿಭಾಗ. ಯಾವ ಕಿಟಕಿಯಲ್ಲಿ ಯಾರು ಸೌಮ್ಯರು, ಯಾವ ಕಾಗದಕ್ಕೆ ಅರಬ್ಬಿ ಅನುವಾದ ಬೇಕು, ಮನೆಯವರಿಗೆ ಯಾವಾಗ ಹೇಳಬೇಕು, ಹೇಗೆ ಹೇಳಬೇಕು. "ಹೆಂಡತಿಗೆ ನೇರ ಫೋನ್ ಮಾಡಬೇಡಿ. ಮೊದಲು ಅಣ್ಣನೋ ತಮ್ಮನೋ ಯಾರಾದರೂ ಇದ್ದಾರಾ ಕೇಳಿ." ಮೂರು ದಿನ ಅವನು ಕಣ್ಣೂರಿನಲ್ಲಿ ಕೂತು ನನ್ನನ್ನು ಈ ಊರಿನ ಕಚೇರಿಗಳಲ್ಲಿ ಒಂದೊಂದಾಗಿ ನಡೆಸಿದ. ನಾಲ್ಕನೇ ದಿನ ದೇಹ ಹೈದರಾಬಾದಿನ ವಿಮಾನ ಹತ್ತಿತು.

ಅವತ್ತು ಫೋನ್ ಮಾಡಿ ಆಯಿತು ಎಂದು ತಿಳಿಸಿದೆ. "ಸಿಸ್ಟರ್ ಇದ್ದಾರಾ? ಒಂದು ಮಾತು..." ಎಂದೆ.

"ಇದ್ದಾಳೆ. ನಿಮ್ಮ ಹತ್ತಿರ ಮಾತಾಡುವುದಿಲ್ಲವಂತೆ. ಈ ಕೆಲಸಕ್ಕೆ ಫೋನ್ ಬಂದರೆ ನನ್ನನ್ನು ತಡೆಯುವುದಿಲ್ಲ ಅಂತ ಹೇಳಿದ್ದಾಳೆ."

"ಸರಿ" ಎಂದೆ.

ವರ್ಷದ ಕೊನೆಯ ಮಹಾಸಭೆಯಲ್ಲಿ ನಿಯಮವನ್ನು ತೆಗೆದುಹಾಕುವ ಪ್ರಸ್ತಾಪ ಮಂಡಿಸಿದೆ. ಹೋಟೆಲಿನ ಸಭಾಂಗಣ, ಇನ್ನೂರು ಜನ. ನಾನು ಬರೆದದ್ದು ತಪ್ಪು, ಅದರಿಂದ ಒಂದು ಮನೆ ಖಾಲಿಯಾಯಿತು, ಇಲ್ಲಿ ಹುಟ್ಟಿದ ನಮ್ಮ ಮಕ್ಕಳೂ ಈ ನಿಯಮದ ಹೊರಗಿದ್ದಾರೆ ಎಂದು ಹೇಳಿದೆ. ಮಾತು ತಡವರಿಸಿತು. ಬರೆಯುವಾಗ ಬರುತ್ತಿದ್ದ ಕಿಡಿ ಒಂದೂ ಬರಲಿಲ್ಲ. ಮುಂದಿನ ಸಾಲಿನಲ್ಲಿ ಕೆಲವರು ಫೋನ್ ನೋಡತೊಡಗಿದರು.

ಆಗ ನಡುವಿನಿಂದ ಒಬ್ಬ ಯುವಕ ಎದ್ದ. ಐಟಿಯಲ್ಲಿ ಕೆಲಸ ಮಾಡುವವನು, ಬಂದು ಎರಡು ವರ್ಷವಾಗಿತ್ತು. "ಅಧ್ಯಕ್ಷರ ಬಗ್ಗೆ ಗೌರವ ಇಟ್ಕೊಂಡೇ ಹೇಳ್ತೀನಿ. ಇದಕ್ಕೆ ನನ್ನ ಉತ್ತರ ಇಲ್ಲ. ಅವರದೇ ಉತ್ತರ ಇದೆ" ಎಂದು ಮೈಕು ಹಿಡಿದು ನನ್ನ ಲೇಖನವನ್ನು ಓದತೊಡಗಿದ. ಚೆನ್ನಾಗಿ ಓದಿದ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರಿಸಿ. ಕೊನೆಯ ಪ್ಯಾರಾದ ಆ ಸಾಲು ಬಂದಾಗ ಸಭಾಂಗಣದಲ್ಲಿ ನಗು ಎದ್ದಿತು. ಹಿಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದ ಮಗಳು ಎದ್ದು ಹೊರಗೆ ಹೋದದ್ದು ನನಗೆ ಕಾಣಿಸಿತು.

ಕೈ ಎತ್ತಿಸಿದಾಗ ಪ್ರಸ್ತಾಪದ ಪರ ಮೂವತ್ತು ಕೈಗಳೂ ಇರಲಿಲ್ಲ. ನಿಯಮ ಈಗಲೂ ಹಾಗೇ ಇದೆ. ಸಭೆ ಮುಗಿದು ಊಟಕ್ಕೆ ಎಲ್ಲರೂ ಎದ್ದಾಗ ಆ ಯುವಕ ನನ್ನ ಹತ್ತಿರ ಬಂದ. ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಎರಡೂ ಕೈಗಳಿಂದ ನನ್ನ ಕೈ ಹಿಡಿದುಕೊಂಡ.

"ಸಾರ್, ಬೇಜಾರು ಮಾಡ್ಕೋಬೇಡಿ. ಎಷ್ಟು ಚೆನ್ನಾಗಿ ಬರ್ದಿದೀರಿ! ನನಗೆ ಹೆಚ್ಚುಕಮ್ಮಿ ಬಾಯಿಗೇ ಬರುತ್ತೆ. ಮತ್ತೆ ಬರೀಬೇಕು ನೀವು."

ಮೆಚ್ಚುಗೆ ಕೇಳಿ ಕೇಳಿ ಅಭ್ಯಾಸವಾಗಿದ್ದ ನಾಲಿಗೆ. "ಥ್ಯಾಂಕ್ಸ್" ಎಂದುಬಿಟ್ಟೆ.